ಸಮೀಪ ಛಾಯಾಗ್ರಹಣ: ಸಹಜ ಬೆಳಕಿನಲ್ಲಿ ನಿತ್ಯಬಳಕೆಯ ವರ್ಣವಸ್ತುಗಳು

ಕಣ್ಣಿಗೆ ಚಿರಪರಿಚಿತವಾದ ಸಣ್ಣ ವಸ್ತುವೊಂದರ ತೀರ ಹತ್ತಿರಕ್ಕೆ ಸರಿದು, ಅದರ ಮೇಲ್ಮೈಯ ರಚನೆ, ಬಣ್ಣ, ಅಂಚು ಮತ್ತು ಹೊಳಪುಗಳು ಚೌಕಟ್ಟನ್ನು ತುಂಬುವಂತೆ ಚಿತ್ರಿಸುವ ಶಾಖೆಗೆ ಸಮೀಪ ಛಾಯಾಗ್ರಹಣವೆಂದು ಹೆಸರು. ಫಿಲ್ಮಿನ ಅಥವಾ ವಿದ್ಯುನ್ಮಾನ ಸಂವೇದಕದ ಮೇಲೆ ಮೂಡುವ ಬಿಂಬಕ್ಕೂ ವಸ್ತುವಿನ ನಿಜಗಾತ್ರಕ್ಕೂ ಇರುವ ಪ್ರಮಾಣವನ್ನು ವರ್ಧನೆ ಎನ್ನುವುದುಂಟು. ಬಿಂಬವು ವಸ್ತುವಿನ ಹತ್ತನೆಯ ಒಂದು ಪಾಲಿನಷ್ಟಾದಲ್ಲಿಂದ ಈ ಶಾಖೆಯ ಸೀಮೆ ಮೊದಲಾಗುವುದೆಂದೂ, ಬಿಂಬವೂ ವಸ್ತುವೂ ಸಮಗಾತ್ರವಾದಲ್ಲಿಂದ ಮುಂದೆ ಮ್ಯಾಕ್ರೊ ಛಾಯಾಗ್ರಹಣವೆಂಬ ಒಳಶಾಖೆಯೂ, ಅದರಾಚೆ ಸೂಕ್ಷ್ಮದರ್ಶಕದ ರಾಜ್ಯವೂ ಬರುವುವೆಂದೂ ಸ್ಥೂಲವಾಗಿ ಗಣಿಸಲಾಗಿದೆ. ಈ ಗಡಿಗಳೆಲ್ಲ ಶಾಸ್ತ್ರಕಾರರ ಅನುಕೂಲಕ್ಕಾಗಿ ಎಳೆದವು. ಕ್ಯಾಮೆರಾ ಹಿಡಿದು ಕುಳಿತವನು ಅವನ್ನು ಒಂದೇ ಬೆಳಗಿನಲ್ಲಿ ಎಷ್ಟೋ ಸಲ ದಾಟಿ ಹಿಂದಿರುಗುತ್ತಿರುತ್ತಾನೆ.

ಈ ಶಾಖೆಯ ಕೀರ್ತಿಯ ಬಹುಪಾಲು ಕೀಟಗಳಿಗೂ ಹೂಗಳಿಗೂ ಸಂದಿದೆ. ಪ್ರಸ್ತುತ ಲೇಖನವು ಅವನ್ನು ಬಿಟ್ಟು, ಮನೆಯೊಳಗೆ ಕೈಗೆಟಕುವ ನಿರ್ಜೀವ ವಸ್ತುಗಳಿಗೆ, ಅವುಗಳಲ್ಲಿಯೂ ಬಣ್ಣವೇ ಪ್ರಧಾನವಾಗುಳ್ಳವುಗಳಿಗೆ, ಮತ್ತು ದೀಪದ ನೆರವಿಲ್ಲದೆ ಹಗಲಿನ ಬೆಳಕಿನಲ್ಲಿಯೇ ಅವುಗಳನ್ನು ಚಿತ್ರಿಸುವ ವಿಧಾನಕ್ಕೆ ಸೀಮಿತವಾದುದು. ಗಾಜಿನ ಬಳೆ, ಕುಂಕುಮದ ಭರಣಿ, ಒಣಮೆಣಸಿನಕಾಯಿ, ನೂಲಿನ ಉಂಡೆ, ಸೀರೆಯ ಸೆರಗು, ಮಕ್ಕಳ ಮರದ ಗೊಂಬೆ, ಅಂಗಿಯ ಗುಂಡಿ ಮುಂತಾದ ಇಂಥ ವಸ್ತುಗಳು ಓಡಿಹೋಗುವುದಿಲ್ಲ, ಬಾಡುವುದಿಲ್ಲ, ಒಂದು ಕಡೆ ಇಟ್ಟರೆ ಇಟ್ಟಂತೆಯೇ ಇರುತ್ತವೆ. ಆದುದರಿಂದಲೇ ಹೊಸದಾಗಿ ಅಭ್ಯಾಸಕ್ಕೆ ತೊಡಗಿದವನಿಗೆ ಇವುಗಳಿಗಿಂತ ಉತ್ತಮವಾದ ಉಪಾಧ್ಯಾಯರು ದೊರೆಯಲಾರರು. ವಸ್ತು ಸ್ಥಿರವಾಗಿರುವುದರಿಂದ ಬದಲಾಗುತ್ತಿರುವುದು ಬೆಳಕೊಂದೇ ಎಂಬುದು ತಾನಾಗಿಯೇ ಗೋಚರವಾಗುತ್ತದೆ. ಈ ಕಲೆಯಲ್ಲಿ ಮಸೂರದ ಪಾಲನ್ನು ಜನ ಅತಿಯಾಗಿಯೂ ಬೆಳಕಿನ ಪಾಲನ್ನು ಅಲ್ಪವಾಗಿಯೂ ಎಣಿಸಿರುವರೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಚರಿತ್ರೆಯೂ ಅದನ್ನೇ ಸಮರ್ಥಿಸುವಂತಿದೆ.

ಛಾಯಾಗ್ರಹಣವು ಹುಟ್ಟಿದ್ದೇ ಗೃಹೋಪಯೋಗಿ ವಸ್ತುಗಳ ನಡುವೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಆದಿಕಾಲದ ಫಲಕಗಳಿಗೆ ಬೆಳಕು ಬಹಳ ಹೊತ್ತು ತಾಗಬೇಕಾಗಿದ್ದುದರಿಂದ, ಅಲುಗಾಡದೆ ಕುಳಿತಿರಬಲ್ಲ ವಸ್ತುಗಳೇ ಮೊದಲ ಪ್ರತಿಮೆಗಳಾದುವು. ಫ್ರಾನ್ಸಿನ ಡಾಗೇರ್ 1837ರಲ್ಲಿ ತೆಗೆದ ಪ್ರಸಿದ್ಧ ಚಿತ್ರದಲ್ಲಿರುವುದು ಕಿಟಕಿಯ ಬಳಿ ಜೋಡಿಸಿದ ಸುಣ್ಣಗಾರೆಯ ಶಿಲ್ಪಗಳು ಮತ್ತಿತರ ವಸ್ತುಗಳು. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟನು 1844ರಿಂದ 1846ರವರೆಗೆ ಕಂತುಗಳಲ್ಲಿ ಪ್ರಕಟಿಸಿದ ‘ದಿ ಪೆನ್ಸಿಲ್ ಆಫ್ ನೇಚರ್’ ಎಂಬ ಗ್ರಂಥದ 24 ಚಿತ್ರಗಳಲ್ಲಿ ಪಿಂಗಾಣಿಯ ಬಟ್ಟಲುಗಳ ಸಾಲೂ ಗಾಜಿನ ಪಾತ್ರೆಗಳ ಸಾಲೂ ಒಂದೊಂದು ಚಿತ್ರವನ್ನು ಆಕ್ರಮಿಸಿವೆ. ತೆರೆದ ಬಾಗಿಲಿಗೆ ಒರಗಿಸಿದ ಪೊರಕೆಯೊಂದು ಮತ್ತೊಂದು ಚಿತ್ರದ ನಾಯಕ. ಕಳುವಾದ ಸಾಮಾನನ್ನು ಗುರುತಿಸಲು ಇಂಥ ಚಿತ್ರಗಳು ಸಾಕ್ಷ್ಯವಾಗಬಲ್ಲವೆಂದು ಆತ ಆಗಲೇ ಊಹಿಸಿದ್ದನು. ಆದರೆ ಈ ಎಲ್ಲ ಚಿತ್ರಗಳೂ ವರ್ಣಹೀನವಾದವು, ಅಷ್ಟೇ ಅಲ್ಲ, ವರ್ಣಾಂಧವಾದವು. ಅಂದಿನ ಬೆಳ್ಳಿಯ ಲವಣಗಳು ನೀಲಿ, ನೇರಳೆ ಮತ್ತು ಅತಿನೇರಳೆ ಕಿರಣಗಳಿಗೆ ಮಾತ್ರ ಚುರುಕಾಗಿ ಸ್ಪಂದಿಸುತ್ತಿದ್ದುದರಿಂದ, ಆ ಫಲಕದ ಮುಂದೆ ಅರಿಸಿನ ಕುಂಕುಮಗಳ ತಟ್ಟೆಯನ್ನಿಟ್ಟಿದ್ದರೆ ಎರಡೂ ಒಂದೇ ಬಗೆಯ ಕಪ್ಪು ಗುಪ್ಪೆಗಳಾಗಿ ಮೂಡುತ್ತಿದ್ದುವು.

ವರ್ಣಚಿತ್ರಣದ ಇತಿಹಾಸದಲ್ಲಿ ಮೊದಲ ಮೈಲಿಗಲ್ಲೆಂದು ಗಣಿತವಾಗಿರುವ ಪ್ರಯೋಗದ ವಸ್ತುವೂ ಒಂದು ನಿತ್ಯಬಳಕೆಯ ವರ್ಣವಸ್ತುವೇ ಆಗಿದ್ದಿತೆಂಬುದು ಗಮನಾರ್ಹ. ಭೌತವಿಜ್ಞಾನಿಯಾದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಎಲ್ಲ ಬಣ್ಣಗಳನ್ನೂ ಕೆಂಪು, ಹಸುರು, ನೀಲಿಗಳೆಂಬ ಮೂರರ ಮಿಶ್ರಣದಿಂದ ಪಡೆಯಬಹುದೆಂಬ ತನ್ನ ಸಿದ್ಧಾಂತವನ್ನು ಸಭಿಕರ ಕಣ್ಣಿಗೆ ಕಾಣಿಸಬಯಸಿ, ಬಣ್ಣಬಣ್ಣದ ಪಟ್ಟೆಗಳುಳ್ಳ ಒಂದು ರಿಬ್ಬನ್ನಿನ ಗಂಟನ್ನು ಪರದೆಯ ಮೇಲೆ ಮೂಡಿಸಿದನು. ಚಿತ್ರಗಳನ್ನು ತೆಗೆದವನು ಥಾಮಸ್ ಸಟನ್ ಎಂಬ ಛಾಯಾಗ್ರಾಹಕ. ಕಪ್ಪು ಮಖಮಲ್ಲಿನ ಮುಂದೆ, ಬಿಸಿಲಿನಲ್ಲಿ ಆ ರಿಬ್ಬನ್ನನ್ನಿಟ್ಟು, ಮಸೂರದ ಮುಂದೆ ಬಣ್ಣದ ದ್ರಾವಣಗಳನ್ನು ತುಂಬಿದ ಗಾಜಿನ ತೊಟ್ಟಿಗಳನ್ನು ಒಂದಾದ ಮೇಲೊಂದರಂತೆ ಹಿಡಿದು ಆತ ಫಲಕಗಳನ್ನು ಪಡೆದನು. ನೀಲಿಯ ಫಲಕಕ್ಕೆ 6 ಸೆಕೆಂಡುಗಳು ಸಾಕಾದುವು, ಕೆಂಪಿನದಕ್ಕೆ 8 ನಿಮಿಷಗಳು ಹಿಡಿದುವು.

ಆದರೆ ಆ ಫಲಕದ ಲೇಪಕ್ಕೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲವಲ್ಲ, ಚಿತ್ರ ಮೂಡಿದ್ದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆತದ್ದು ಸರಿಯಾಗಿ ಒಂದು ಶತಮಾನದ ಅನಂತರ. 1961ರಲ್ಲಿ ಕೊಡಕ್ ಸಂಸ್ಥೆಯ ರಾಲ್ಫ್ ಇವಾನ್ಸ್ ಆ ಪ್ರಯೋಗವನ್ನು ಪುನಃ ಪರೀಕ್ಷಿಸಿ, ಕೆಂಪು ದ್ರಾವಣವು ಅತಿನೇರಳೆ ಕಿರಣಗಳನ್ನೂ ಒಳಬಿಡುತ್ತಿದ್ದಿತೆಂದೂ, ಅನೇಕ ಕೆಂಪು ಬಟ್ಟೆಗಳು ಆ ಅಗೋಚರ ಕಿರಣಗಳನ್ನು ಪ್ರತಿಫಲಿಸುವುವೆಂದೂ, ಆದುದರಿಂದ ಸಟನ್ನನ ಫಲಕವು ಹಿಡಿದುದು ಕೆಂಪನ್ನಲ್ಲ, ಕೆಂಪಿನ ಸ್ಥಾನದಲ್ಲಿ ಅದೃಷ್ಟವಶಾತ್ ಸೇರಿಕೊಂಡಿದ್ದ ಅತಿನೇರಳೆಯನ್ನೆಂದೂ ತೋರಿಸಿದರು. ಸಿದ್ಧಾಂತ ಸರಿಯಾಗಿದ್ದಿತು, ಪ್ರಯೋಗ ತಪ್ಪಾಗಿದ್ದಿತು, ಫಲ ಮಾತ್ರ ಯಥಾರ್ಥವಾಗಿ ಬಂದಿತು! ದೀಪದ ಬೆಳಕಿನಲ್ಲಿ ಅತಿನೇರಳೆ ಅತ್ಯಲ್ಪವಾದುದರಿಂದ, ಅದೇ ರಿಬ್ಬನ್ನನ್ನು ಮೋಂಬತ್ತಿಯ ಮುಂದೆ ಚಿತ್ರಿಸಹೊರಟಿದ್ದರೆ ಮ್ಯಾಕ್ಸ್‌ವೆಲ್ಲನ ಪ್ರದರ್ಶನ ಸಫಲವಾಗುತ್ತಿದ್ದಿತೆಂದು ಹೇಳಲು ಧೈರ್ಯ ಸಾಲದು. ವಸ್ತುವಿನ ಮೇಲ್ಮೈ, ಅದರ ಮೇಲೆ ಬೀಳುವ ಬೆಳಕು, ಅದನ್ನು ಗ್ರಹಿಸುವ ಲೇಪ ಎಂಬ ಮೂರೂ ಕೂಡಿದಲ್ಲದೆ ಚಿತ್ರದಲ್ಲಿ ಬಣ್ಣವಿಲ್ಲವೆಂಬುದಕ್ಕೆ ಆ ರಿಬ್ಬನ್ನೇ ಶಾಶ್ವತ ನಿದರ್ಶನ.

ಮುಂದಣ ಪ್ರಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. 1873ರಲ್ಲಿ ಜರ್ಮನಿಯ ಹೆರ್ಮನ್ ಫೋಗೆಲ್ ಲೇಪಕ್ಕೆ ಬಣ್ಣಗಳನ್ನು ಸೇರಿಸಿ ಅದನ್ನು ಹಸುರಿಗೂ ಎಚ್ಚರಗೊಳಿಸುವ ಉಪಾಯವನ್ನು ಕಂಡುಹಿಡಿದನು. 1906ರ ವೇಳೆಗೆ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಲಕಗಳು ಮಾರುಕಟ್ಟೆಗೆ ಬಂದುವು. ಲೂಮಿಯೇರ್ ಸಹೋದರರು 1907ರಲ್ಲಿ ಮಾರಾಟಕ್ಕೆ ತಂದ ಆಟೋಕ್ರೋಮ್ ಫಲಕವು, ಕಿತ್ತಳೆ, ಹಸುರು ಮತ್ತು ನೇರಳೆ ಬಣ್ಣಗಳನ್ನು ಕೊಟ್ಟ ಆಲೂಗಡ್ಡೆಯ ಪಿಷ್ಟದ ಕಣಗಳನ್ನು ಗಾಜಿನ ಮೇಲೆ ಒತ್ತಾಗಿ ಹರಡಿ ಸಿದ್ಧಪಡಿಸಿದುದು. ಅಡುಗೆಮನೆಯ ಗಡ್ಡೆಯೊಂದು ಬಣ್ಣದ ಛಾಯಾಗ್ರಹಣಕ್ಕೆ ಜನ್ಮವಿತ್ತಿತೆಂಬುದು ಸ್ವಾರಸ್ಯದ ಸಂಗತಿ. ಆ ಫಲಕ ಬಲು ಮಂದಗ್ರಾಹಿಯಾಗಿದ್ದು, ಒಳ್ಳೆಯ ಬಿಸಿಲಿನಲ್ಲಿಯೂ ಶಟರನ್ನು ಸುಮಾರು ಒಂದು ಸೆಕೆಂಡಿನಷ್ಟು ತೆರೆದಿಡಬೇಕಾಗುತ್ತಿದ್ದುದರಿಂದ, ಹಣ್ಣಿನ ಬುಟ್ಟಿ, ಹೂದಾನಿ, ಮೇಜುಬಟ್ಟೆಗಳು ಮತ್ತೊಮ್ಮೆ ಛಾಯಾಗ್ರಾಹಕರ ಅಚ್ಚುಮೆಚ್ಚಿನ ವಸ್ತುಗಳಾದುವು. 1935ರಲ್ಲಿ ಕೊಡಕ್ರೋಮ್, ಅದರ ಮರುವರ್ಷ ಹೊಸ ಆಗ್ಫಾಕಲರ್ ಫಿಲ್ಮುಗಳು ಬಂದ ಮೇಲೆ ವರ್ಣಚಿತ್ರಣವು ಹವ್ಯಾಸಿಗಳ ಕೈಗೂ ದಕ್ಕಿತು.

ಸಮೀಪದೃಷ್ಟಿಯ ಸೌಂದರ್ಯಕ್ಕೆ ಕಲೆಯ ಮಾನ್ಯತೆಯನ್ನು ದೊರಕಿಸಿದವರು ಮಾತ್ರ ಬಹುಮಟ್ಟಿಗೆ ಕಪ್ಪುಬಿಳುಪಿನವರೇ. ಅಮೆರಿಕದ ಪಾಲ್ ಸ್ಟ್ರ್ಯಾಂಡ್ 1916ರಲ್ಲಿ ಕನೆಕ್ಟಿಕಟ್ ಪ್ರಾಂತದ ಟ್ವಿನ್ ಲೇಕ್ಸ್ ಎಂಬಲ್ಲಿ ಅಡುಗೆಯ ಬಟ್ಟಲುಗಳನ್ನೂ ಜಗಲಿಯ ನೆರಳುಗಳನ್ನೂ ಹತ್ತಿರದಿಂದ ಚಿತ್ರಿಸಿ, ಬಟ್ಟಲು ಬಟ್ಟಲಾಗಿ ಕಾಣದೆ ಬರಿಯ ವಕ್ರರೇಖೆಗಳ ಮೇಳವಾಗಿ ಕಾಣುವಂತೆ ಮಾಡಿದರು. ಬರ್ಲಿನ್ನಿನ ಕಲಾಶಾಲೆಯ ಉಪಾಧ್ಯಾಯರಾಗಿದ್ದ ಕಾರ್ಲ್ ಬ್ಲಾಸ್‌ಫೆಲ್ಟ್ ಗಿಡಗಳ ಕುಡಿ, ಕಾಂಡ, ಬೀಜಕೋಶಗಳನ್ನು ಹಲವು ಪಟ್ಟು ಹಿಗ್ಗಿಸಿ ತೆಗೆದ ಚಿತ್ರಗಳ ಸಂಪುಟ 1928ರಲ್ಲಿ ಪ್ರಕಟವಾಗಿ ಒಡನೆಯೇ ಪ್ರಸಿದ್ಧಿಗೆ ಬಂದಿತು. ಎಡ್ವರ್ಡ್ ವೆಸ್ಟನ್ 1930ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು, ಸಹಜ ಬೆಳಕನ್ನು ಅದರ ಒಳಮೈಯಿಂದ ಎಲ್ಲ ಕಡೆಗೂ ಪ್ರತಿಫಲಿಸಗೊಟ್ಟು, ಬಹಳ ಹೊತ್ತು ಶಟರ್ ತೆರೆದಿಟ್ಟು ಪಡೆದ 30ನೆಯ ಸಂಖ್ಯೆಯ ಚಿತ್ರವಂತೂ ಈ ಶಾಖೆಯ ಆದರ್ಶವೆನಿಸಿದೆ. ಆಲಿಕೆಯಲ್ಲಿ ವಿಶೇಷವೇನೂ ಇರಲಿಲ್ಲ. ಅದು ಬೆಳಕನ್ನು ವಸ್ತುವಿನ ಸುತ್ತ ಹೊದಿಸಿತು. ಮೊದಲ ಮಹಾಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡ ಪ್ರಾಗ್ ನಗರದ ಯೋಸೆಫ್ ಸುಡೆಕ್, 1940ರಿಂದ ಮೊದಲುಗೊಂಡು ವರ್ಷಾನುವರ್ಷ ತನ್ನ ಕೋಣೆಯ ಒಂದೇ ಕಿಟಕಿಯನ್ನೂ ಅದರ ಮೇಲಿಟ್ಟ ಗಾಜಿನ ಲೋಟಗಳನ್ನೂ ಚಿತ್ರಿಸುತ್ತ ಹೋದನು.

ಬಣ್ಣಕ್ಕೆ ಸಂಬಂಧಿಸಿದಂತೆ ವಿಶೇಷವಾಗಿ ಸ್ಮರಿಸಬೇಕಾದವರು ಹಂಗೇರಿಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಆಂದ್ರೆ ಕರ್ಟೆಸ್. 1928ರಷ್ಟು ಹಿಂದೆಯೇ ತಟ್ಟೆಯಂಚಿಗೆ ಒರಗಿಸಿದ ಮುಳ್ಳುಚಮಚವೊಂದನ್ನು ಚಿರಸ್ಮರಣೀಯವಾಗಿ ಚಿತ್ರಿಸಿದ್ದ ಇವರು, 1977ರಲ್ಲಿ ಪತ್ನಿಯ ವಿಯೋಗವಾದ ಮೇಲೆ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕೈಗೆ ಬಂದ ಒಂದು ಪೋಲರಾಯ್ಡ್ ಎಸ್ಎಕ್ಸ್-70 ಕ್ಯಾಮೆರಾದಿಂದ ಹೊಸ ಅಧ್ಯಾಯವನ್ನೇ ಆರಂಭಿಸಿದರು. 1972ರಲ್ಲಿ ಬಂದ ಆ ಕ್ಯಾಮೆರಾ ಹೆಚ್ಚಿನ ಉಪಕರಣಗಳಿಲ್ಲದೆ ಸುಮಾರು 26 ಸೆಂಟಿಮೀಟರಿನಷ್ಟು ಸಮೀಪಕ್ಕೆ ಫೋಕಸ್ ಮಾಡಬಲ್ಲದಾಗಿತ್ತು; ಚಿತ್ರವು ಕೆಲವು ನಿಮಿಷಗಳಲ್ಲಿ ಕೈಯಲ್ಲಿಯೇ ಮೂಡುತ್ತಿತ್ತು. ವಾಷಿಂಗ್ಟನ್ ಚೌಕವನ್ನು ನೋಡುವ ತಮ್ಮ ಮನೆಯ ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಪುಟ್ಟ ಪ್ರತಿಮೆಗಳನ್ನೂ ಬಣ್ಣದ ಸಣ್ಣಪುಟ್ಟ ವಸ್ತುಗಳನ್ನೂ ಇಟ್ಟು, ಮುಂಜಾನೆಯ ಹಾಗೂ ಸಂಜೆಯ ಬೆಳಕು ಅವುಗಳಲ್ಲಿ ವಕ್ರೀಭವಿಸಿ ನಗರದ ದೃಶ್ಯವನ್ನು ತಲೆಕೆಳಗಾಗಿ ಹಿಡಿಯುವುದನ್ನು ಅವರು ದಾಖಲಿಸಿದರು. ಅಂಗಡಿಯ ಕಿಟಕಿಯಲ್ಲಿ ಕಂಡು ಕೊಂಡುತಂದ ಒಂದು ಗಾಜಿನ ಅರೆಮೂರ್ತಿಯಲ್ಲಿ ಅವರಿಗೆ ತಮ್ಮ ಪತ್ನಿಯ ಹೋಲಿಕೆ ಕಂಡಿತ್ತು. 1981ರಲ್ಲಿ ಈ ಚಿತ್ರಗಳು ‘ಫ್ರಮ್ ಮೈ ವಿಂಡೋ’ ಎಂಬ ಪುಸ್ತಕವಾಗಿ ಹೊರಬಂದುವು. ಸ್ಟುಡಿಯೋ ಇಲ್ಲ, ದೀಪವಿಲ್ಲ, ಮ್ಯಾಕ್ರೊ ಲೆನ್ಸಿನ ಆಡಂಬರವಿಲ್ಲ. ಇದ್ದುದು ಕಿಟಕಿ ಮತ್ತು ಕಾಯುವ ತಾಳ್ಮೆ. ಎಪ್ಪತ್ತರ ದಶಕದಲ್ಲಿಯೇ ಜಾನ್ ಗ್ರೂವರ್ ಎಂಬ ಅಮೆರಿಕದ ಕಲಾವಿದೆ ಅಡುಗೆಮನೆಯ ಚಮಚ, ಚಾಕು, ತಟ್ಟೆ, ತರಕಾರಿಗಳನ್ನು ತೀರ ಸಮೀಪದಿಂದ ವರ್ಣದಲ್ಲಿ ಚಿತ್ರಿಸಿ ಹೆಸರು ಪಡೆದರು.

ಚರಿತ್ರೆ ಇಷ್ಟು; ಈಗ ಯಂತ್ರಭಾಗದ ವಿಷಯ. ಸಾಧಾರಣ ಮಸೂರವು ವಸ್ತುವಿಗೆ ತೀರ ಹತ್ತಿರ ಬಂದಾಗ ಫೋಕಸ್ ಮಾಡಲಾರದಿರುವುದಕ್ಕೆ ಕಾರಣ, ಬಿಂಬವು ಮಸೂರದ ಹಿಂದೆ ಇನ್ನೂ ದೂರಕ್ಕೆ ಸರಿಯುವುದು. ಆದುದರಿಂದ ಮಸೂರವನ್ನು ಮುಂದಕ್ಕೆ ತಳ್ಳಬೇಕು. 50 ಮಿಲಿಮೀಟರ್ ಸಂಗಮದೂರದ ಮಸೂರವನ್ನು ಮತ್ತೆ 50 ಮಿಲಿಮೀಟರಿನಷ್ಟು ಮುಂದಿಟ್ಟರೆ ಬಿಂಬ ವಸ್ತುವಿನಷ್ಟೇ ದೊಡ್ಡದಾಗುತ್ತದೆ. ಇದಕ್ಕಾಗಿ ನಡುವೆ ಸೇರಿಸುವ ಪೊಳ್ಳು ಉಂಗುರಗಳು ಎಕ್ಸ್‌ಟೆನ್ಷನ್ ಟ್ಯೂಬುಗಳು, ತಿದಿಯಂತೆ ಮಡಿಸಿ ಬಿಡಿಸಬಲ್ಲವು ಬೆಲ್ಲೋಸುಗಳು. ಮಸೂರದ ಮುಂದೆ ಕನ್ನಡಕದಂತೆ ತೊಡಿಸುವ ಕ್ಲೋಸಪ್ ಲೆನ್ಸುಗಳು ಅಗ್ಗದ ಪರ್ಯಾಯ. ಮಸೂರವನ್ನೇ ಹಿಂದುಮುಂದಾಗಿ ಜೋಡಿಸುವ ಉಂಗುರಗಳೂ ಉಂಟು. ಸಮೀಪಕ್ಕೆಂದೇ ರಚಿತವಾದ 35 ಮಿಲಿಮೀಟರ್ ಕ್ಯಾಮೆರಾದ ಮೊದಲ ಮ್ಯಾಕ್ರೊ ಲೆನ್ಸೆಂಬ ಖ್ಯಾತಿ 1955ರಲ್ಲಿ ಹೈನ್ಸ್ ಕಿಲ್‌ಫಿಟ್ ತಯಾರಿಸಿದ ಮಾಕ್ರೊ-ಕಿಲಾರಿಗೆ ಸಲ್ಲುತ್ತದೆ.

ಹತ್ತಿರ ಹೋದುದಕ್ಕೆ ತೆರಬೇಕಾದ ತೆರಿಗೆಗಳು ಎರಡು. ಮೊದಲನೆಯದು ಬೆಳಕಿನದು: ಸಮಗಾತ್ರದ ಬಿಂಬಕ್ಕೆ ದೂರದ ದೃಶ್ಯಕ್ಕಿಂತ ನಾಲ್ಕು ಪಟ್ಟು ಬೆಳಕು ಬೇಕಾಗುತ್ತದೆ. ಎರಡನೆಯದು ಆಳದ್ದು: ಸಮಗಾತ್ರದಲ್ಲಿ, ಎಫ್/8ರ ದ್ಯುತಿರಂಧ್ರದಲ್ಲಿ, ಸ್ಫುಟವಾಗಿ ಕಾಣುವ ಪದರದ ದಪ್ಪ ಸುಮಾರು ಒಂದು ಮಿಲಿಮೀಟರ್ ಮಾತ್ರ; ಬಳೆಯ ಮುಂಭಾಗ ಕಂಡರೆ ಹಿಂಭಾಗ ಮಂಜು. ರಂಧ್ರವನ್ನು ಕಿರಿದುಗೊಳಿಸಿದರೆ ಆಳ ಹೆಚ್ಚುವುದು ನಿಜ, ಆದರೆ ಎಫ್/16ಕ್ಕಿಂತ ಮುಂದೆ ಹೋದರೆ ವಿವರ್ತನೆಯಿಂದ ಇಡೀ ಚಿತ್ರವೇ ಮೊಂಡಾಗತೊಡಗುತ್ತದೆ. ಫೋಕಸ್ಸನ್ನು ಅಷ್ಟಿಷ್ಟೇ ಸರಿಸುತ್ತ ಹಲವು ಚಿತ್ರಗಳನ್ನು ತೆಗೆದು ಗಣಕದಲ್ಲಿ ಒಂದುಗೂಡಿಸುವ ಪದ್ಧತಿ ಈಗ ಬಳಕೆಯಲ್ಲಿದ್ದರೂ, ವಸ್ತುವಿನ ಮುಖ್ಯ ಮುಖವನ್ನು ಸಂವೇದಕಕ್ಕೆ ಸಮಾನಾಂತರವಾಗಿ ತಿರುಗಿಸಿಟ್ಟುಕೊಳ್ಳುವ ಹಳೆಯ ಜಾಣತನವೇ ಬಹುತೇಕ ಸಂದರ್ಭಗಳಲ್ಲಿ ಸಾಕು. ಟ್ರೈಪಾಡ್ ಅನಿವಾರ್ಯ, ಮೇಲೆ ತಿರುಗುವ ಫ್ಯಾನನ್ನು ಆರಿಸುವುದು ಅಷ್ಟೇ ಅನಿವಾರ್ಯ, ಏಕೆಂದರೆ ಈ ಪ್ರಮಾಣದಲ್ಲಿ ಮೆಣಸಿನಕಾಯಿಯ ತೊಟ್ಟಿನ ಕಂಪನವೂ ಭೂಕಂಪವೇ.

ಇನ್ನು ಬೆಳಕಿನ ಪ್ರಕರಣ. ಬೆಳಕಿನ ಮೃದುತ್ವವು ಅದರ ಮೂಲದ ಗಾತ್ರವನ್ನಲ್ಲ, ವಸ್ತುವಿನ ಕಡೆಯಿಂದ ನೋಡಿದಾಗ ಆ ಮೂಲವು ಎಷ್ಟು ವಿಶಾಲವಾಗಿ ಕಾಣುತ್ತದೆಂಬುದನ್ನು ಅವಲಂಬಿಸಿದೆ. ಸೂರ್ಯನು ಎಷ್ಟೇ ಬೃಹತ್ತಾದವನಾದರೂ ನಮ್ಮ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಮಾತ್ರ ವ್ಯಾಪಿಸಿರುವುದರಿಂದ ಅವನ ನೆರಳು ಕತ್ತರಿಸಿದಂತೆ ಗಡುಸು. ಒಂದು ಮೀಟರ್ ಅಗಲದ ಕಿಟಕಿ, ಎದುರಿಗೆ ನಿಂತ ಆಳಿಗೆ ಸಾಧಾರಣ ಮೃದುವಾದ ಬೆಳಕನ್ನು ಕೊಟ್ಟರೆ, ಅದರಿಂದ ಎರಡು ಗೇಣು ದೂರದಲ್ಲಿಟ್ಟ ಗುಂಡಿಗೋ ಬಳೆಗೋ ಅದು ಅರ್ಧ ಆಕಾಶ. ದೊಡ್ಡ ವಸ್ತುಗಳನ್ನು ಇಷ್ಟು ಮೃದುವಾಗಿ ಬೆಳಗಬೇಕಾದರೆ ಸ್ಟುಡಿಯೋದವರು ಬಿಳಿಯ ಬಟ್ಟೆಯ ಗುಡಾರಗಳನ್ನೇ ಕಟ್ಟಬೇಕಾಗುತ್ತದೆ. ಸಣ್ಣ ವಸ್ತುವಿನ ಚಿತ್ರಕಾರನಿಗೆ ಆ ವೈಭವ ಬಡವನ ಮನೆಯಲ್ಲಿಯೂ ಪುಕ್ಕಟೆ. ಎದುರು ಬದಿಯಲ್ಲಿ ಒಂದು ಹಾಳೆ ಬಿಳಿಯ ಕಾಗದ ನಿಲ್ಲಿಸಿದರೆ ನೆರಳು ತಿಳಿಯಾಗುತ್ತದೆ, ಕರಿಯ ಬಟ್ಟೆ ನಿಲ್ಲಿಸಿದರೆ ಗಾಢವಾಗುತ್ತದೆ. ಬಿಸಿಲು ನೇರವಾಗಿ ಬಿದ್ದರೆ ತೆಳ್ಳನೆಯ ಪಂಚೆಯನ್ನೋ ಬೆಣ್ಣೆಕಾಗದವನ್ನೋ ಅಡ್ಡ ಹಿಡಿದರಾಯಿತು. ವಸ್ತುವನ್ನು ಕಿಟಕಿಯಿಂದ ಒಂದು ಮೊಳ ಹಿಂದಕ್ಕೆ ಸರಿಸಿದರೆ ಬೆಳಕಿನ ಪ್ರಮಾಣವೂ ಗುಣವೂ ಎರಡೂ ಬದಲಾಗುವುವೆಂಬುದನ್ನು ಪರೀಕ್ಷಿಸಿ ನೋಡಿದವನಿಗೆ ಹೆಚ್ಚಿನ ಪಾಠ ಅನಗತ್ಯ.

ಈ ಸಂಬಂಧದಲ್ಲಿ ಯುರೋಪಿನ ಗ್ರಂಥಗಳಿಂದ ನಮ್ಮಲ್ಲಿಗೆ ಯಥಾವತ್ತಾಗಿ ಇಳಿದುಬಂದಿರುವ ಒಂದು ಉಪದೇಶವನ್ನು ವಿಮರ್ಶಿಸಬೇಕಾಗಿದೆ. ಚಿತ್ರಕಾರನ ಕಿಟಕಿ ಉತ್ತರಾಭಿಮುಖವಾಗಿರಬೇಕು, ಅಲ್ಲಿಗೆ ಬಿಸಿಲು ಬಾರದು, ಬೆಳಕು ದಿನವಿಡೀ ಏಕರೂಪವಾಗಿರುತ್ತದೆ ಎಂಬುದೇ ಆ ಉಪದೇಶ. ಪ್ಯಾರಿಸ್, ಬರ್ಲಿನ್ನುಗಳ ಅಕ್ಷಾಂಶದಲ್ಲಿ ಇದು ಬಹುಮಟ್ಟಿಗೆ ನಿಜ, ಏಕೆಂದರೆ ಅಲ್ಲಿ ಮಧ್ಯಾಹ್ನದ ಸೂರ್ಯ ಸದಾ ದಕ್ಷಿಣದಲ್ಲಿಯೇ ಇರುತ್ತಾನೆ. ಆದರೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಸೂರ್ಯನು ಏಪ್ರಿಲ್ 24ರ ಸುಮಾರಿಗೆ ನಡುನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿ, ಆಗಸ್ಟ್ 18ರ ಸುಮಾರಿಗೆ ಮತ್ತೆ ದಕ್ಷಿಣಕ್ಕೆ ಹಿಂದಿರುಗುತ್ತಾನೆ. ಈ ನಡುವಣ ತಿಂಗಳುಗಳಲ್ಲಿ ಬಿಸಿಲನ್ನು ಕಾಣುವುದು ಉತ್ತರದ ಗೋಡೆಯೇ, ದಕ್ಷಿಣದ ಗೋಡೆಯಲ್ಲ. ಕಲಬುರಗಿ, ಬೀದರಗಳ ಕಡೆ ಈ ಅವಧಿ ಕಿರಿದಾಗುತ್ತದೆ, ಅಷ್ಟೆ. ಆದುದರಿಂದ ನಮ್ಮ ನಾಡಿನ ಅಭ್ಯಾಸಿಯು ದಿಕ್ಕನ್ನು ಪುಸ್ತಕದಿಂದ ಆರಿಸದೆ, ಋತುವನ್ನು ನೋಡಿ ಆರಿಸುವುದು ಲೇಸು. ಅದಕ್ಕಿಂತ ಮೇಲಾದುದು ಹಳೆಯ ತೊಟ್ಟಿ ಮನೆಯ ಅಂಗಳದ ಸುತ್ತಣ ಪಡಸಾಲೆ: ಅಲ್ಲಿ ಬೆಳಕು ತೆರೆದ ಮಾಡಿನಿಂದ ಇಳಿದು, ಸುಣ್ಣದ ಗೋಡೆಗಳಿಗೆ ತಾಗಿ, ಸೂರಿನ ಕೆಳಗೆ ನಾಲ್ಕು ಕಡೆಯಿಂದಲೂ ಹದವಾಗಿ ಬರುತ್ತದೆ. ಮಳೆಗಾಲದ ಮೋಡ ಕವಿದ ಹಗಲುಗಳನ್ನು ಹೊರಾಂಗಣದ ಛಾಯಾಗ್ರಾಹಕರು ಶಪಿಸುವರು; ಬಣ್ಣದ ಸಮೀಪಚಿತ್ರಕ್ಕೆ ಶ್ರಾವಣದ ಆ ಮಬ್ಬಿಗಿಂತ ಒಳ್ಳೆಯ ಬೆಳಕಿಲ್ಲ. ಹೊಳಪಿನ ಚುಕ್ಕೆಗಳು ಅಡಗಿ, ಮೇಲ್ಮೈಯ ಮೇಲೆ ತೇಲುವ ಬಿಳುಪು ತಗ್ಗಿ, ವಸ್ತುವಿನ ಬಣ್ಣ ಆಗ ತುಂಬಿಕೊಂಡು ಕಾಣುತ್ತದೆ.

ಬೆಳಕಿಗೂ ತನ್ನದೇ ಬಣ್ಣವುಂಟು. ಅದನ್ನು ಕೆಲ್ವಿನ್ ಮಾನದಲ್ಲಿ ವರ್ಣತಾಪವೆಂದು ಅಳೆಯುತ್ತಾರೆ: ನಡುಹಗಲಿನ ಬಿಸಿಲು ಸುಮಾರು 5500, ಸೂರ್ಯೋದಯದ ಹೊನ್ನ ಬೆಳಕು 3000 ಮತ್ತು ಅದಕ್ಕೂ ಕಡಿಮೆ, ನೀಲಾಕಾಶದ ನೆರಳು 7000ಕ್ಕೂ ಮೇಲು. ನಮ್ಮ ಕಣ್ಣು ಈ ವ್ಯತ್ಯಾಸಗಳನ್ನು ಒಳಗೇ ಸರಿಪಡಿಸಿಕೊಳ್ಳುವುದರಿಂದ ನಮಗೆ ಅವು ತಿಳಿಯವು, ಕ್ಯಾಮೆರಾಕ್ಕೆ ತಿಳಿಯುತ್ತವೆ. ಜವಳಿ ಅಂಗಡಿಯಲ್ಲಿ ಸೀರೆ ಆರಿಸುವ ಹೆಂಗಸರು ಅದನ್ನು ದೀಪದ ಕೆಳಗೆ ನಂಬದೆ, ಬಾಗಿಲಿನವರೆಗೆ ತಂದು ಹಗಲಿನಲ್ಲಿ ಹಿಡಿದು ನೋಡುವ ಪದ್ಧತಿ ಎಲ್ಲರಿಗೂ ತಿಳಿದುದೇ. ದೀಪದಲ್ಲಿ ಒಂದೇ ಎನಿಸಿದ ಕುಪ್ಪಸದ ಕಣವೂ ಸೀರೆಯ ಅಂಚೂ ಬಿಸಿಲಿನಲ್ಲಿ ಬೇರೆಬೇರೆಯಾಗಿ ಕಾಣುವುದು ಭ್ರಮೆಯಲ್ಲ, ಭೌತವಿಜ್ಞಾನ. ಎರಡು ಬಣ್ಣಗಳು ಬೇರೆಬೇರೆ ತರಂಗಗಳಿಂದ ಕೂಡಿದ್ದರೂ ಒಂದು ಬಗೆಯ ಬೆಳಕಿನಲ್ಲಿ ಸಮವೆಂದು ತೋರಬಲ್ಲವು. ಆ ಗೃಹಿಣಿಯರ ಪರೀಕ್ಷೆಯನ್ನೇ ಛಾಯಾಗ್ರಾಹಕನೂ ಅನುಸರಿಸಿದರೆ, ಹಗಲಿನ ಬೆಳಕಿಗೆ ಕೋಣೆಯ ದೀಪವನ್ನು ಬೆರೆಸಿ ಚಿತ್ರ ಕೆಡಿಸಿಕೊಳ್ಳುವ ಸಾಮಾನ್ಯ ದೋಷದಿಂದ ಪಾರಾದಾನು. ಪಕ್ಕದ ಗೋಡೆಯ ಹಸುರು ಸುಣ್ಣ, ತಾನೇ ತೊಟ್ಟ ಕೆಂಪು ಅಂಗಿ ಕೂಡ ಇಷ್ಟು ಸಮೀಪದಲ್ಲಿ ವಸ್ತುವಿನ ಮೇಲೆ ತಮ್ಮ ಛಾಯೆಯನ್ನು ಚೆಲ್ಲುತ್ತವೆ.

ವಸ್ತುಗಳ ಮೇಲ್ಮೈಗಳು ಬೆಳಕನ್ನು ಬರಮಾಡಿಕೊಳ್ಳುವ ರೀತಿ ಒಂದೊಂದರದು ಒಂದೊಂದು. ಕುಂಕುಮದಂಥ ಪುಡಿಗೆ ಬೆಳಕು ಪಕ್ಕದಿಂದ, ನೆಲಕ್ಕೆ ಸಮನಾಗಿ ಜಾರಿ ಬರಬೇಕು. ಆಗ ಮಾತ್ರ ಕಣಕಣವೂ ತನ್ನ ನೆರಳಿನಿಂದ ಬೇರೆಯಾಗಿ ನಿಲ್ಲುತ್ತದೆ. ಅರಿಸಿನಕ್ಕೆ ಸುಣ್ಣದಂಥ ಕ್ಷಾರ ತಾಗಿ ಹುಟ್ಟಿದ ಆ ಕೆಂಪು ವಿದ್ಯುನ್ಮಾನ ಕ್ಯಾಮೆರಾಗಳಿಗೆ ಒಂದು ಅಗ್ನಿಪರೀಕ್ಷೆ. 1976ರಲ್ಲಿ ಕೊಡಕ್ಕಿನ ಬ್ರೈಸ್ ಬೇಯರ್ ಹಕ್ಕುಪತ್ರ ಪಡೆದ ವಿನ್ಯಾಸದಂತೆ ಸಂವೇದಕದ ಕೋಶಗಳಲ್ಲಿ ಅರ್ಧ ಹಸುರಿಗೆ, ಉಳಿದರ್ಧ ಕೆಂಪು ನೀಲಿಗಳಿಗೆ ಸಮಪಾಲಾಗಿ ಮೀಸಲು. ಶುದ್ಧ ಕೆಂಪು ವಸ್ತುವಿನಲ್ಲಿ ಕೆಂಪಿನ ಕೋಶಗಳು ತುಂಬಿ ತುಳುಕಿದರೂ ಒಟ್ಟು ಸರಾಸರಿ ಸರಿಯಾಗಿಯೇ ಕಾಣುವುದರಿಂದ ಬೆಳಕಿನ ಮಾಪಕ ಎಚ್ಚರಿಸುವುದಿಲ್ಲ, ಚಿತ್ರದಲ್ಲಿ ರಚನೆಯೆಲ್ಲ ಅಳಿಸಿಹೋಗಿ ಚಪ್ಪಟೆಯಾದ ಕೆಂಪು ಮಾತ್ರ ಉಳಿಯುತ್ತದೆ. ಮಾಪಕ ಹೇಳಿದುದಕ್ಕಿಂತ ತುಸು ಕಡಿಮೆ ಬೆಳಕು ಕೊಡುವುದೇ ಇದಕ್ಕೆ ಮದ್ದು. ಬ್ಯಾಡಗಿ ಮೆಣಸಿನಕಾಯಿಯ ಸುಕ್ಕುಗಳಿಗೂ ಇದೇ ಮಾತು; ಆದರೆ ಅದರ ಸಿಪ್ಪೆಗೆ ಹೊಳಪೂ ಇರುವುದರಿಂದ ಧ್ರುವೀಕರಣ ಶೋಧಕವೊಂದನ್ನು ಮಸೂರದ ಮುಂದೆ ತಿರುಗಿಸಿ ಆ ಹೊಳಪನ್ನು ತಗ್ಗಿಸಿದರೆ ಒಳಗಿನ ಕಡುಗೆಂಪು ಹೊರಬೀಳುತ್ತದೆ. ಗಾಜು ಮತ್ತು ನೀರುಗಳಿಂದ ಸುಮಾರು 55 ಡಿಗ್ರಿಯ ಆಸುಪಾಸಿನಲ್ಲಿ ಪ್ರತಿಫಲಿಸಿದ ಬೆಳಕಿನ ಮೇಲೆ ಈ ಶೋಧಕದ ಪ್ರಭಾವ ಅತ್ಯಧಿಕ. ಹಿತ್ತಾಳೆಯ ದೀಪ, ತಾಮ್ರದ ತಂಬಿಗೆಗಳ ಮುಂದೆ ಅದು ನಿಷ್ಪ್ರಯೋಜಕ, ಏಕೆಂದರೆ ಲೋಹದ ಹೊಳಪು ಅದರ ಆಜ್ಞೆಗೆ ಒಳಪಟ್ಟುದಲ್ಲ.

ಗಾಜಿನ ಬಳೆಯಂತೂ ಎದುರು ಬೆಳಕಿನಲ್ಲಿ ಮಂಕಾಗಿಯೇ ಉಳಿಯುವ ವಸ್ತು. ಅದರ ಬಣ್ಣ ಇರುವುದು ಮೈಯ ಮೇಲಲ್ಲ, ಒಡಲಿನಲ್ಲಿ. ಆದುದರಿಂದ ಬೆಳಕನ್ನು ಹಿಂದಿನಿಂದ ಹಾಯಿಸಬೇಕು. ಕಿಟಕಿಯ ಗಾಜಿಗೆ ಬಿಳಿಯ ತೆಳುಕಾಗದವನ್ನು ಅಂಟಿಸಿ ಅದರೆದುರು ಹಸುರು ಕೆಂಪು ಬಳೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ, ಎರಡು ಬಣ್ಣಗಳು ಹಾಯ್ದುಹೋಗುವ ಸಂಧಿಗಳಲ್ಲಿ ಕಣ್ಣು ಎಂದೂ ಗಮನಿಸದಿದ್ದ ಮೂರನೆಯ ಗಾಢವರ್ಣವೊಂದು ಕಾಣಿಸಿಕೊಳ್ಳುತ್ತದೆ. ಚನ್ನಪಟ್ಟಣದ ಗೊಂಬೆಗಳದು ಇದಕ್ಕೆ ವಿರುದ್ಧವಾದ ಸ್ವಭಾವ: ಚರಕಿಯ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಘರ್ಷಣೆಯ ಕಾವಿನಿಂದ ಕರಗಿಸಿ, ತಾಳೆಗರಿಯಿಂದ ಉಜ್ಜಿ ನಯಗೊಳಿಸಿದ ಅವುಗಳ ದುಂಡು ಮೈ ಇಡೀ ಕೋಣೆಯನ್ನೇ ಪ್ರತಿಬಿಂಬಿಸುತ್ತದೆ, ಕ್ಯಾಮೆರಾದವನನ್ನೂ ಸೇರಿಸಿ. ಆ ಪ್ರತಿಬಿಂಬವನ್ನು ಪೂರ್ಣವಾಗಿ ಅಳಿಸಿದರೆ ಗೊಂಬೆ ಪ್ಲಾಸ್ಟಿಕ್ಕಿನಂತಾಗುತ್ತದೆ; ಕಿಟಕಿಯ ಒಂದು ಅಂಚು ಮಾತ್ರ ಅದರ ಭುಜದ ಮೇಲೆ ನಿಲ್ಲುವಂತೆ ನೋಡಿಕೊಳ್ಳುವುದು ಉಚಿತ. ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲಿನ ಹಾಸುನೂಲಿಗೂ ರೇಷ್ಮೆಯ ಸೆರಗಿನ ಹಾಸುನೂಲಿಗೂ ಕೊಂಡಿ ಹಾಕಿ ಜೋಡಿಸಿರುವ ಗೆರೆಯನ್ನು ಸಮೀಪದಿಂದ ನೋಡಿದರೆ, ಒಂದೇ ಬೆಳಕು ಗೆರೆಯ ಈಚೆ ಹೀರಲ್ಪಟ್ಟು ಆಚೆ ಮಿನುಗುವುದನ್ನು ಕಾಣಬಹುದು. ಹತ್ತಿಗೂ ರೇಷ್ಮೆಗೂ ಇರುವ ಭೇದವನ್ನು ಇಷ್ಟು ಅಚ್ಚುಕಟ್ಟಾಗಿ ತಿಳಿಸುವ ಮತ್ತೊಂದು ವಸ್ತು ದುರ್ಲಭ.

ಬಣ್ಣದ್ರವ್ಯವೇ ಇಲ್ಲದೆ ಬಣ್ಣ ತೋರುವ ವಸ್ತುಗಳು ಪ್ರತ್ಯೇಕ ವರ್ಗಕ್ಕೆ ಸೇರಿದವು. ಪುಸ್ತಕದ ಎಲೆಗಳ ನಡುವೆ ಮಕ್ಕಳು ಬಚ್ಚಿಡುವ ನವಿಲುಗರಿ, ಮುತ್ತಿನ ಚಿಪ್ಪಿನ ಗುಂಡಿ, ಸಾಬೂನಿನ ಗುಳ್ಳೆ ಮುಂತಾದವುಗಳಲ್ಲಿ ವರ್ಣವು ಅತಿ ತೆಳುವಾದ ಪದರಗಳ ಅಥವಾ ಸೂಕ್ಷ್ಮ ವಿನ್ಯಾಸಗಳ ಮೇಲೆ ಬೆಳಕಿನ ಅಲೆಗಳು ಪರಸ್ಪರ ಸೇರಿ ಹುಟ್ಟುವಂಥದು. ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿದ್ದ ದಶಕಗಳಲ್ಲಿ ಚಿಪ್ಪುಗಳ ವರ್ಣವೈಭವದ ಬಗ್ಗೆ, ಅನಂತರ ರತ್ನಶಿಲೆಗಳ ಮತ್ತು ಹೂಗಳ ಬಣ್ಣಗಳ ಬಗ್ಗೆ ಅತ್ಯಾಸಕ್ತಿಯಿಂದ ಸಂಶೋಧನೆ ನಡೆಸಿದರು. ಅವರು 1948ರಲ್ಲಿ ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ಅವರು ಕೂಡಿಹಾಕಿದ ಖನಿಜ, ಚಿಪ್ಪು, ಚಿಟ್ಟೆಗಳ ಸಂಗ್ರಹ ಇಂದಿಗೂ ಇದೆ. ಇಂಥ ವಸ್ತುವನ್ನು ಒಂದಿಷ್ಟು ವಾಲಿಸಿದರೂ ನೀಲಿ ಹಸುರಾಗುವುದರಿಂದ, ಯಾವ ಒಂದು ಚಿತ್ರವೂ ಅದರ ನಿಜವರ್ಣವನ್ನು ಹಿಡಿದೆನೆಂದು ಹೇಳಿಕೊಳ್ಳಲಾರದು. ಒಂದೇ ಕೋನದ ಬೆಳಕನ್ನು ಸ್ಥಿರವಾಗಿ ಕೊಡುವ ಸಣ್ಣ ಕಿಟಕಿಯೇ ಇಲ್ಲಿ ಉತ್ತಮ. ಮೋಡದ ಸರ್ವತೋಮುಖ ಬೆಳಕು, ಇತರ ವಸ್ತುಗಳಿಗೆ ಎಷ್ಟೇ ಹಿತವಾದರೂ, ಇವುಗಳ ಮಿಂಚನ್ನು ಕಲಸಿಬಿಡುತ್ತದೆ.

ಬಣ್ಣಗಳನ್ನು ಪರಸ್ಪರ ಜೋಡಿಸುವ ವಿಚಾರದಲ್ಲಿ, ಪ್ಯಾರಿಸಿನ ಗೊಬೆಲಿನ್ ನೇಯ್ಗೆಶಾಲೆಯ ಬಣ್ಣದ ವಿಭಾಗದ ಮುಖ್ಯಸ್ಥನಾಗಿದ್ದ ರಸಾಯನಜ್ಞ ಶೆವ್ರಲ್ಲನು 1839ರಲ್ಲಿ, ಎಂದರೆ ಡಾಗೇರನ ಆವಿಷ್ಕಾರ ಲೋಕಕ್ಕೆ ಪ್ರಕಟವಾದ ವರ್ಷದಲ್ಲಿಯೇ, ಹೊರತಂದ ಗ್ರಂಥದ ತತ್ತ್ವ ಈಗಲೂ ಮಾರ್ಗದರ್ಶಕ. ನೇಯ್ದ ಬಟ್ಟೆಯಲ್ಲಿ ಕಪ್ಪು ನೂಲು ಮಂಕಾಗಿದೆಯೆಂಬ ದೂರನ್ನು ವಿಚಾರಿಸಹೋದ ಆತ, ದೋಷ ನೂಲಿನಲ್ಲಿಲ್ಲ, ಅದರ ನೆರೆಯ ಬಣ್ಣದಲ್ಲಿದೆ ಎಂದು ಕಂಡುಕೊಂಡನು. ಪ್ರತಿ ಬಣ್ಣವೂ ತನ್ನ ನೆರೆಯದನ್ನು ತನಗೆ ವಿರುದ್ಧವಾದ ಬಣ್ಣದ ಕಡೆಗೆ ತಳ್ಳುವುದರಿಂದ, ಅರಿಸಿನದ ಕೊಂಬು ನೀಲಿ ಬಟ್ಟೆಯ ಮೇಲೆ ಉರಿಯುವಂತೆಯೂ ಕಿತ್ತಳೆಯ ಬಟ್ಟೆಯ ಮೇಲೆ ಸೊರಗಿದಂತೆಯೂ ತೋರುತ್ತದೆ. ಸಮೀಪಚಿತ್ರದಲ್ಲಿ ಹಿನ್ನೆಲೆಯೆಲ್ಲ ಫೋಕಸ್ ತಪ್ಪಿ ಬರಿಯ ಬಣ್ಣದ ಹಾಸಾಗಿ ಉಳಿಯುವುದರಿಂದ ಈ ನಿಯಮದ ಪ್ರಭಾವ ಅಲ್ಲಿ ದ್ವಿಗುಣ. ಹಾಗೆಂದು ಎಲ್ಲ ಬಣ್ಣಗಳನ್ನೂ ಒಂದೇ ಚೌಕಟ್ಟಿಗೆ ತುರುಕುವುದು ಜಾತ್ರೆಯ ಅಂಗಡಿಯ ರುಚಿ. ಎರಡು ಬಣ್ಣಗಳೂ ಒಂದು ಬೂದುಬಣ್ಣವೂ ಸಾಕು.

ಬೆಳಕು ಬಣ್ಣವನ್ನು ತೋರಿಸುವಂತೆಯೇ ಕೊಲ್ಲುವುದೂ ಉಂಟು. ಬಟ್ಟೆಗೆ ತಾಗಿದ ಅರಿಸಿನದ ಕಲೆಯನ್ನು ಬಿಸಿಲಿಗೆ ಹಾಕಿ ತೆಗೆಯುವ ಮನೆವಾರ್ತೆಯ ಉಪಾಯವೇ, ಅರಿಸಿನದ ಬಣ್ಣ ಹಾಕಿದ ಹಳೆಯ ಬಟ್ಟೆಯೊಂದನ್ನು ಬಿಸಿಲಿನಲ್ಲಿ ಹರಡಿ ಚಿತ್ರಿಸುವವನಿಗೆ ಎಚ್ಚರಿಕೆಯಾಗತಕ್ಕದ್ದು. ಹಳೆಯ ಜವಳಿ, ಕಸೂತಿ, ಬಣ್ಣ ಬರೆದ ಕಾಗದಗಳನ್ನು ಛಾಯೆಯಲ್ಲಿಯೇ, ಆದಷ್ಟು ಅಲ್ಪಕಾಲದಲ್ಲಿ ಚಿತ್ರಿಸಿ ಮರಳಿ ಕತ್ತಲೆಗೆ ಸೇರಿಸಬೇಕು.

ಇತ್ತೀಚಿನ ವರ್ಷಗಳಲ್ಲಿ ಮೊಬೈಲ್ ಫೋನುಗಳು ಈ ಶಾಖೆಯನ್ನು ಸರ್ವಜನಸುಲಭವನ್ನಾಗಿ ಮಾಡಿವೆ. ಅವುಗಳ ಸಂವೇದಕ ಕಿರಿದಾದುದರಿಂದ ಸಮಾನ ದೃಶ್ಯಕ್ಕೆ ಕ್ಷೇತ್ರದ ಆಳ ಹೆಚ್ಚಾಗಿ ದೊರೆಯುತ್ತದೆ. ಕೆಲವು ಮಾದರಿಗಳು 2 ಸೆಂಟಿಮೀಟರಿನಷ್ಟು ಹತ್ತಿರಕ್ಕೂ ಫೋಕಸ್ ಮಾಡುತ್ತವೆ. ಆದರೆ ಅಷ್ಟು ಸಮೀಪದಲ್ಲಿ ಫೋನೇ ವಸ್ತುವಿನ ಮೇಲೆ ನೆರಳು ಕವಿಸುವುದರಿಂದ, ತುಸು ಹಿಂದೆ ಸರಿದು ಅನಂತರ ಚಿತ್ರವನ್ನು ಕತ್ತರಿಸಿಕೊಳ್ಳುವುದು ಹಲವು ವೇಳೆ ಲಾಭಕರ. ಅವು ಬಣ್ಣವನ್ನು ತಾವೇ ಗಾಢಗೊಳಿಸಿ ಕೊಡುವ ಚಾಳಿಯುಳ್ಳವು. ಸೀರೆ ಮಾರುವವರು ಫೋನಿನಲ್ಲಿ ಕಳುಹಿಸಿದ ಚಿತ್ರವನ್ನು ನೋಡಿ ತರಿಸಿಕೊಂಡವರು ಬಣ್ಣ ಬೇರೆಯೆಂದು ಹಿಂದಿರುಗಿಸುವ ತಕರಾರುಗಳ ಒಂದು ಮೂಲ ಇದೇ. ಜವಳಿ, ಕರಕುಶಲ ವಸ್ತು, ವಸ್ತುಸಂಗ್ರಹಾಲಯದ ದಾಖಲೆ ಮುಂತಾಗಿ ಬಣ್ಣದ ನಿಖರತೆ ಮುಖ್ಯವಾದ ಕಡೆಗಳಲ್ಲಿ, ಬೀಳುವ ಬೆಳಕಿನಲ್ಲಿ ಶೇಕಡ 18ರಷ್ಟನ್ನು ಪ್ರತಿಫಲಿಸುವ ಬೂದುಬಣ್ಣದ ಹಲಗೆಯನ್ನೋ ಬಣ್ಣದ ಪಟ್ಟಿಯನ್ನೋ ವಸ್ತುವಿನ ಪಕ್ಕದಲ್ಲಿಟ್ಟು, ಅದೇ ಬೆಳಕಿನಲ್ಲಿ ಒಂದು ಚಿತ್ರವನ್ನು ಮೊದಲು ತೆಗೆದುಕೊಳ್ಳುವುದು ಪದ್ಧತಿ. ಮುಂದೆ ಗಣಕದಲ್ಲಿ ಆ ಬೂದುಬಣ್ಣವನ್ನು ಅಪ್ಪಟ ಬೂದಾಗಿಸಿದರೆ ಉಳಿದ ಬಣ್ಣಗಳು ಬಹುಮಟ್ಟಿಗೆ ತಮ್ಮ ತಮ್ಮ ಸ್ಥಾನಕ್ಕೆ ಬರುತ್ತವೆ. ಮೋಡ ಸರಿದು ಬಿಸಿಲು ಬಂದೊಡನೆ ಆ ಚಿತ್ರವನ್ನು ಮತ್ತೊಮ್ಮೆ ತೆಗೆಯಬೇಕಾಗುತ್ತದೆ.